ಓಬನ್, ಮ್ಯಾಲೇಗ್, ಉಲ್ಲಾಪೂಲ್, ಆನ್‌ಸ್ಟ್ರದರ್: ಸ್ಕಾಟ್ಲೆಂಡಿನ ಯಾವ ಬಂದರೂರಿಗೆ ಹೋಗಬೇಕು?

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. "ಮೇ ಕೊನೆಗೆ ಅಪ್ಪ ಅಮ್ಮ ಬರ್ತಿದ್ದಾರೆ. ಎಡಿನ್‌ಬರಾ ಕೋಟೆ ತೋರಿಸ್ತೀವಿ. ಆಮೇಲೆ ಕಡಲ ಪಕ್ಕದ ಒಂದು ಚಿಕ್ಕ ಊರಲ್ಲಿ ಎರಡು ಮೂರು ದಿನ ಇರೋಣ ಅಂತ. ಓಬನ್ನಾ, ಉಲ್ಲಾಪೂಲಾ? ಬಣ್ಣಬಣ್ಣದ ಮನೆಗಳ ಫೋಟೊ ಇದೆಯಲ್ಲ, ಅದು ಯಾವ ಊರು?"

ಫೋಟೊದ ವಿಷಯ ಮೊದಲು ಮುಗಿಸುತ್ತೇನೆ. ಸಾಲಾಗಿ ಹಳದಿ, ಕೆಂಪು, ನೀಲಿ ಮನೆಗಳು, ಮುಂದೆ ದೋಣಿಗಳು ಇದ್ದರೆ ಅದು ಬಹುಮಟ್ಟಿಗೆ ಮಲ್ ದ್ವೀಪದ ಟೋಬರ್‌ಮೋರಿ. ಅಲ್ಲಿಗೆ ಹೋಗುವ ದಾರಿ ಓಬನ್ನಿನ ಮೂಲಕ. ಇನ್ನುಳಿದ ಪ್ರಶ್ನೆಗೆ ಒಂದು ಸಾಲಿನ ಉತ್ತರವಿಲ್ಲ. ಗ್ಲಾಸ್ಗೋದಲ್ಲಿದ್ದುಕೊಂಡು ಈ ಊರುಗಳಿಗೆ ನಮ್ಮ ತಂದೆತಾಯಿಯನ್ನೂ ಅತ್ತೆ ಮಾವನನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ ಬಂದಿದ್ದೇನೆ. ಒಬ್ಬರಿಗೆ ಹಿಡಿಸಿದ ಊರು ಇನ್ನೊಬ್ಬರಿಗೆ ಬೇಸರ ತರಿಸಿದ್ದೂ ಉಂಟು. ಅದಕ್ಕೇ ಮೊದಲು ಅಳತೆಗೋಲು, ಆಮೇಲೆ ಊರು.

ಯಾವುದನ್ನು ನೋಡಿ ಆರಿಸಬೇಕು

ಬಂದರೂರು ಎಂದರೆ ಒಂದು ಹೊಸ್ತಿಲು. ಜನ ಅಲ್ಲಿಗೆ ಹೋಗುವುದು ಅಲ್ಲಿಂದ ಆಚೆ ಇರುವ ದ್ವೀಪಕ್ಕಾಗಿ, ಹಕ್ಕಿಗಾಗಿ, ಕಡಲ ಮೇಲಿನ ಒಂದೆರಡು ಗಂಟೆಗಾಗಿ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ನೇರವಾಗಿ ಅಟ್ಲಾಂಟಿಕ್‌ನ ಗಾಳಿ ಬಡಿಯುತ್ತದೆ. ಬೇಸಿಗೆಯಲ್ಲೂ ದೋಣಿ ಹೊರಡದ ದಿನ ಬರುತ್ತದೆ. ಆದ್ದರಿಂದ ನಾನು ಕೇಳುವ ಮೊದಲ ಪ್ರಶ್ನೆ ಇದು: ಆ ದಿನ ಹೊಸ್ತಿಲ ಈಚೆ ನಿಮಗೆ ಏನಿದೆ? ಊರಿನೊಳಗೇ ದಿನ ಕಳೆಯಬಹುದೇ, ಅಥವಾ ರೂಮಿನ ಕಿಟಕಿಯಿಂದ ಮಳೆ ನೋಡುತ್ತಾ ಕೂರಬೇಕೇ? ಬರೀ ಎರಡು ರಾತ್ರಿ ಇರುವವರು ಇದನ್ನು ಕೇಳಿಕೊಳ್ಳದೆ ಬುಕ್ ಮಾಡಬಾರದು.

ಎರಡನೆಯದು ಕಾರು. ಭಾರತದ ಲೈಸೆನ್ಸ್‌ನಲ್ಲಿ ಇಲ್ಲಿಗೆ ಬಂದ ದಿನದಿಂದ 12 ತಿಂಗಳು ಓಡಿಸಬಹುದು, ಓಡಿಸುವುದೂ ಎಡಗಡೆಯೇ. ಆದರೆ ಪಶ್ಚಿಮದ ಹಳ್ಳಿ ರಸ್ತೆಗಳು ಒಂದೇ ಗಾಡಿ ಹಿಡಿಸುವಷ್ಟು ಕಿರಿದು. ಎದುರಿಗೆ ಗಾಡಿ ಬಂದರೆ ಅಲ್ಲಲ್ಲಿ ಬಿಟ್ಟಿರುವ ಅಗಲದ ಜಾಗಕ್ಕೆ ಸರಿಯಬೇಕು, ಕೆಲವೊಮ್ಮೆ ಹಿಂದಕ್ಕೂ ಹೋಗಬೇಕು. ಆ ಜಾಗ ಇರುವುದು ದಾರಿ ಬಿಡಲು. ಫೋಟೊ ತೆಗೆಯಲು ಅಲ್ಲಿ ಕಾರು ನಿಲ್ಲಿಸಿದರೆ ಸ್ಥಳೀಯರಿಗೆ ನಿಜಕ್ಕೂ ತೊಂದರೆ.

ಮೂರನೆಯದು ಮಂಡಿ. ಹಿರಿಯರು ಎಷ್ಟು ಮೆಟ್ಟಿಲು ಹತ್ತಬಲ್ಲರು, ಅಲುಗಾಡುವ ದೋಣಿಯಿಂದ ಒದ್ದೆ ಕಲ್ಲಿನ ಮೇಲೆ ಕಾಲಿಡಬಲ್ಲರೇ ಎಂಬುದನ್ನು ಅವರನ್ನೇ ಕೇಳಿ. "ಪರವಾಗಿಲ್ಲ, ನಾನು ಬರ್ತೀನಿ" ಎಂಬುದೇ ನಮ್ಮ ಹಿರಿಯರ ಸಾಮಾನ್ಯ ಉತ್ತರ. ಅದನ್ನು ಅರ್ಧ ಮಾತ್ರ ನಂಬಿ.

ನಾಲ್ಕನೆಯದು ತಿಂಗಳು. ಜೂನಿನಲ್ಲಿ ರಾತ್ರಿ ಹತ್ತು ದಾಟಿದರೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಮೂರೂವರೆ ನಾಲ್ಕಕ್ಕೆ ಕತ್ತಲು. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದಲ್ಲಿ ಮಿಡ್ಜ್ ಎಂಬ ನುಸಿಯ ಕಾಟ. ಗಾಳಿ ನಿಂತ ಸಂಜೆ ಮೋಡದಂತೆ ಮುತ್ತಿಕೊಳ್ಳುತ್ತದೆ. ರೋಗ ತರುವುದಿಲ್ಲ, ಆದರೆ ಕಡಿತ ಮಾತ್ರ ನಮ್ಮ ಮಲೆನಾಡಿನ ನೊರಜಿಗಿಂತ ಕೆಟ್ಟದ್ದು. ಪೂರ್ವ ತೀರದಲ್ಲಿ ಅದರ ಕಾಟ ಬಹಳ ಕಡಿಮೆ. ನಿಮ್ಮ ಕೈಯಲ್ಲಿ ಆಯ್ಕೆಯಿದ್ದರೆ ಮೇ ತಿಂಗಳು ಹಿಡಿಯಿರಿ. ದಿನ ಉದ್ದ, ನುಸಿ ಇನ್ನೂ ಎದ್ದಿರುವುದಿಲ್ಲ, ಬಾಡಿಗೆಯೂ ಜುಲೈಯಷ್ಟು ಏರಿರುವುದಿಲ್ಲ.

ಊಟ ಮತ್ತು ಹಣದ ವಿಷಯ ಎಲ್ಲ ಊರಿಗೂ ಒಂದೇ ಥರ ಆದ್ದರಿಂದ ಕೊನೆಗೆ ಹೇಳುತ್ತೇನೆ.

ಓಬನ್

ಮೊದಲ ಸಲ ಹೋಗುವವರಿಗೆ, ಕಾರಿಲ್ಲದವರಿಗೆ, ಹಿರಿಯರ ಜೊತೆ ಹೋಗುವವರಿಗೆ ನಾನು ಹೇಳುವ ಊರು ಇದು. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ನಿಂದ ನೇರ ರೈಲು, ಮೂರು ಗಂಟೆ ಚಿಲ್ಲರೆ. ಒಂದು ಎಚ್ಚರಿಕೆ: ಕೆಲವು ರೈಲುಗಳು ಕ್ರಿಯನ್‌ಲಾರಿಕ್ ಎಂಬಲ್ಲಿ ಎರಡಾಗಿ ಒಡೆದು ಒಂದು ಭಾಗ ಓಬನ್ನಿಗೆ, ಇನ್ನೊಂದು ಮ್ಯಾಲೇಗ್‌ಗೆ ಹೋಗುತ್ತದೆ. ಹತ್ತುವಾಗಲೇ ಬೋಗಿ ಯಾವುದು ಎಂದು ಕೇಳಿ. ಓಬನ್ನಿನಲ್ಲಿ ಸ್ಟೇಷನ್ನಿನ ಪಕ್ಕದಲ್ಲೇ ಫೆರಿ ದಕ್ಕೆ. ಸೂಟ್‌ಕೇಸ್ ಎಳೆದುಕೊಂಡು ಎರಡು ನಿಮಿಷ ನಡೆದರೆ ಹಡಗು. ಈ ಅನುಕೂಲ ನಕ್ಷೆ ನೋಡಿದರೆ ಗೊತ್ತಾಗುವುದಿಲ್ಲ, ಮಳೆಯಲ್ಲಿ ಅಮ್ಮನ ಕೈ ಹಿಡಿದು ನಡೆಯುವಾಗ ಗೊತ್ತಾಗುತ್ತದೆ.

ಓಬನ್ ಎಂದರೆ ಗೇಲಿಕ್ ಭಾಷೆಯಲ್ಲಿ ಚಿಕ್ಕ ಕೊಲ್ಲಿ. ಆ ಕೊಲ್ಲಿಯ ಬಾಯಿಗೆ ಅಡ್ಡವಾಗಿ ಕೆರೆರಾ ದ್ವೀಪ ಮಲಗಿದೆ. ಹೊರಗಿನ ಅಲೆಯ ಪೆಟ್ಟು ಅದರ ಮೇಲೆ ಬೀಳುತ್ತದೆ, ಒಳಗಿನ ನೀರು ಹೆಚ್ಚಿನ ದಿನ ಶಾಂತ. ಊರು ಇಷ್ಟು ಬೆಳೆದದ್ದು ಆ ಆಸರೆಯಿಂದ ಮತ್ತು 1880ರಲ್ಲಿ ಬಂದ ರೈಲಿನಿಂದ. ಊರಿನ ನೆತ್ತಿಯ ಮೇಲೆ ರೋಮಿನ ಕೊಲೋಸಿಯಂ ಥರದ ಒಂದು ಕಲ್ಲಿನ ಬಳೆ ಕಾಣುತ್ತದೆ, ಮೆಕೇಗ್ಸ್ ಟವರ್. ಜಾನ್ ಸ್ಟುವರ್ಟ್ ಮೆಕೇಗ್ ಎಂಬ ಬ್ಯಾಂಕಿನವರು ಚಳಿಗಾಲದಲ್ಲಿ ಕೆಲಸವಿಲ್ಲದ ಕಲ್ಲುಕುಟಿಗರಿಗೆ ಕೂಲಿ ಸಿಗಲಿ, ತಮ್ಮ ಮನೆತನದ ಹೆಸರೂ ಉಳಿಯಲಿ ಎಂದು 1897ರಲ್ಲಿ ಶುರುಮಾಡಿದ್ದು. 1902ರಲ್ಲಿ ಅವರು ತೀರಿಕೊಂಡರು, ಕಟ್ಟಡ ಅಲ್ಲಿಗೇ ನಿಂತಿತು. ಒಳಗೆ ಈಗ ಒಂದು ತೋಟ ಮಾತ್ರ. ಊರಿನಿಂದ ಜೇಕಬ್ಸ್ ಲ್ಯಾಡರ್ ಎಂಬ 144 ಮೆಟ್ಟಿಲಿನ ದಾರಿಯಲ್ಲಿ ಹತ್ತಬಹುದು. ಮಂಡಿ ನೋವಿನವರಿಗೆ ಟ್ಯಾಕ್ಸಿಯೇ ಸರಿ. ಸಂಜೆ ಅಲ್ಲಿ ಕಮಾನಿನ ಕಂಡಿಯಲ್ಲಿ ಕೂತರೆ ಕೆಳಗೆ ಹಡಗುಗಳು ಕೊಲ್ಲಿಯೊಳಕ್ಕೆ ತಿರುಗುವುದು, ಅವುಗಳ ಹಿಂದೆ ಮಲ್ ದ್ವೀಪದ ಬೆಟ್ಟಗಳು ಕಾಣುತ್ತವೆ. ಇದಕ್ಕೆ ದುಡ್ಡಿಲ್ಲ.

ಹೊಸ್ತಿಲ ಆಚೆ ಇರುವುದು ಇನ್ನೂ ಶ್ರೀಮಂತ. ಮಲ್ ದ್ವೀಪದ ಕ್ರೇಗ್‌ನ್ಯೂರ್‌ಗೆ ಫೆರಿಯಲ್ಲಿ ಸುಮಾರು ಮುಕ್ಕಾಲು ಗಂಟೆ. ಅಲ್ಲಿಂದ ಉತ್ತರಕ್ಕೆ ಬಸ್ ಹಿಡಿದರೆ ಟೋಬರ್‌ಮೋರಿ. ದಕ್ಷಿಣ ಪಶ್ಚಿಮಕ್ಕೆ ಅರವತ್ತು ಕಿಲೋಮೀಟರ್ ಹೋದರೆ ಫಿಯನ್‌ಫರ್ಟ್, ಅಲ್ಲಿಂದ ಹತ್ತು ನಿಮಿಷದ ದೋಣಿಯಲ್ಲಿ ಅಯೋನಾ. ಐರ್ಲೆಂಡಿನಿಂದ ಸಂತ ಕೊಲಂಬಾ 563ರಲ್ಲಿ ಬಂದಿಳಿದ ಪುಟ್ಟ ದ್ವೀಪ ಅದು. ಪ್ರವಾಸಿಗರು ಕಾರು ತರುವಂತಿಲ್ಲ. ಹೋಗಿಬರಲು ಪೂರ್ತಿ ಒಂದು ದಿನ ಬೇಕು, ಬಸ್ಸಿನಲ್ಲೇ ಎರಡೂವರೆ ಗಂಟೆ ಹೋಗುತ್ತದೆ. ಬಸ್ ಪ್ರಯಾಣ ಹಿಡಿಸದವರನ್ನು ಒತ್ತಾಯಿಸಬೇಡಿ, ಟೋಬರ್‌ಮೋರಿಗೆ ಕರೆದುಕೊಂಡು ಹೋಗಿ. ಸ್ಟಾಫಾ ದ್ವೀಪದ ಕಂಬಗಲ್ಲುಗಳನ್ನು, ಫಿಂಗಲ್ ಗುಹೆಯನ್ನು ನೋಡುವ ಆಸೆಯಿದ್ದವರು ಅಯೋನಾ ಕಡೆಯಿಂದ ಹೊರಡುವ ದೋಣಿಗೆ ಸೇರಿಕೊಳ್ಳಬಹುದು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಲ್ಲು ಕಂಡವರಿಗೆ ರೂಪ ಪರಿಚಿತವೇ. ಇಲ್ಲಿ ಅವು ಗೋಪುರದಷ್ಟು ಎತ್ತರ ನಿಂತು ನಡುವೆ ಕಡಲನ್ನು ಒಳಗೆ ಬಿಟ್ಟುಕೊಂಡಿವೆ. ಸಂಗೀತಗಾರ ಮೆಂಡೆಲ್ಸನ್ 1829ರಲ್ಲಿ ಇಲ್ಲಿಗೆ ಬಂದಿದ್ದರು. ಅಲೆ ಜೋರಿದ್ದರೆ ದೋಣಿಯವರು ಇಳಿಸುವುದಿಲ್ಲ, ಸುತ್ತು ಹಾಕಿಸಿ ಕರೆತರುತ್ತಾರೆ.

ಮಲ್‌ನಲ್ಲಿ ಕಾರಿದ್ದವರು ಗ್ರುಲೀನ್ ಎಂಬಲ್ಲಿ ಹತ್ತು ನಿಮಿಷ ನಿಲ್ಲಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆಗಿದ್ದ ಲಾಕ್ಲನ್ ಮೆಕ್ವಾರಿಯ ಸಮಾಧಿ ಅಲ್ಲಿದೆ. ಪಕ್ಕದ ಉಲ್ವಾ ದ್ವೀಪದಲ್ಲಿ ಹುಟ್ಟಿದ ಇವನು 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಹುಲ್ಲುಗಾವಲಿನ ನಡುವೆ, ಕುರಿಗಳ ಮಧ್ಯೆ ನಿಂತು ಕಾವೇರಿಯ ಆ ದ್ವೀಪವನ್ನು ನೆನೆಯುವುದು ನನಗೆ ಸುಲಭವಾಗಿರಲಿಲ್ಲ.

ಫೆರಿ ಹೊರಡದಿದ್ದರೆ? ಊರೊಳಗೇ ಯುದ್ಧ ಮತ್ತು ಶಾಂತಿಯ ಪುಟ್ಟ ಮ್ಯೂಸಿಯಂ ಇದೆ, ಟಿಕೆಟ್ಟಿಲ್ಲ. 1794ರ ವಿಸ್ಕಿ ಡಿಸ್ಟಿಲರಿ ಇದೆ. ಕಡಲಂಚಿನಲ್ಲಿ ನಡೆದರೆ ಮೆಕ್‌ಡೂಗಲ್ ಮನೆತನದ ಡನಾಲಿ ಕೋಟೆ ಸಿಗುತ್ತದೆ. ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಡನ್‌ಸ್ಟಾಫ್ನೆಜ್ ಕೋಟೆ. ದಿನ ಹಾಳಾಗುವುದಿಲ್ಲ.

ಕೊರತೆಯನ್ನೂ ಹೇಳಬೇಕು. ಬೇಸಿಗೆಯಲ್ಲಿ ಓಬನ್ ಗಿಜಿಗುಡುತ್ತದೆ. ಫೆರಿಗೆ ಕಾದಿರುವ ಕಾರುಗಳ ಸಾಲು, ಟೂರಿಸ್ಟ್ ಬಸ್ಸು, ಕೈಯಲ್ಲಿದ್ದ ಚಿಪ್ಸ್ ಕಸಿಯುವ ಕಡಲಕಾಗೆ. "ಚಿಕ್ಕ, ನಿಶ್ಶಬ್ದ ಊರು" ಎಂದು ಕನಸು ಕಂಡು ಹೋದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಮ್ಯಾಲೇಗ್

ಮ್ಯಾಲೇಗ್‌ನಲ್ಲಿ ಊರಿಗಿಂತ ದಾರಿಯೇ ದೊಡ್ಡದು. ಗ್ಲಾಸ್ಗೋದಿಂದ ಐದು ಗಂಟೆಗೂ ಹೆಚ್ಚು ರೈಲು. ರ‍್ಯಾನಕ್ ಮೂರ್ ಎಂಬ ಜೌಗು ಬಯಲಿನಲ್ಲಿ ಬಹಳ ಹೊತ್ತು ಮನೆಯೇ ಕಾಣದು. ಆಮೇಲೆ ಫೋರ್ಟ್ ವಿಲಿಯಂ, ಅಲ್ಲಿಂದ ಮುಂದೆ 21 ಕಮಾನುಗಳ ಗ್ಲೆನ್‌ಫಿನ್ನನ್ ಸೇತುವೆ. ಹ್ಯಾರಿ ಪಾಟರ್ ಸಿನಿಮಾದಲ್ಲಿ ನೋಡಿದ ಮಕ್ಕಳೆಲ್ಲ ಇದಕ್ಕಾಗಿಯೇ ಹಟ ಹಿಡಿಯುವುದು. 1901ರಲ್ಲಿ ಈ ಮಾರ್ಗ ತೆರೆದಾಗ ಕಲ್ಲಿನ ಬದಲು ಬರೀ ಕಾಂಕ್ರೀಟಿನಲ್ಲಿ ಸೇತುವೆ ಕಟ್ಟಿದ್ದೇ ದೊಡ್ಡ ಸುದ್ದಿ. ಕಟ್ಟಿಸಿದ ರಾಬರ್ಟ್ ಮೆಕಾಲ್‌ಪೈನ್ "ಕಾಂಕ್ರೀಟ್ ಬಾಬ್" ಎಂದೇ ಹೆಸರಾದ.

ಇಲ್ಲಿ ಹಣದ ಪ್ರಶ್ನೆ ಬರುತ್ತದೆ. ಫೋರ್ಟ್ ವಿಲಿಯಂನಿಂದ ಹೊರಡುವ ಜಾಕೊಬೈಟ್ ಉಗಿಬಂಡಿಯ ಟಿಕೆಟ್ ದುಬಾರಿ, ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ. ಸ್ಕಾಟ್‌ರೈಲ್‌ನ ಮಾಮೂಲಿ ರೈಲು ಅದೇ ಹಳಿ, ಅದೇ ಸೇತುವೆಯ ಮೇಲೆ ಅದಕ್ಕಿಂತ ಬಹಳ ಕಡಿಮೆ ದರದಲ್ಲಿ ಹೋಗುತ್ತದೆ. ಉಗಿಬಂಡಿಯನ್ನು ಹತ್ತಲೇಬೇಕು ಎಂಬ ಮಗು ಮನೆಯಲ್ಲಿದ್ದರೆ ಕೊಡಿ, ಆ ಸಂತೋಷಕ್ಕೆ ಬೆಲೆಯಿದೆ. ಇಲ್ಲವಾದರೆ ಮಾಮೂಲಿ ರೈಲೇ ಸಾಕು. ಸೇತುವೆಯ ತಿರುವು ಚೆನ್ನಾಗಿ ಕಾಣಬೇಕೆಂದರೆ ಫೋರ್ಟ್ ವಿಲಿಯಂ ಬಿಟ್ಟ ಮೇಲೆ ರೈಲು ಸಾಗುವ ದಿಕ್ಕಿನ ಎಡಗಡೆ ಕೂರಿ. ಗ್ಲಾಸ್ಗೋದಿಂದ ಬರುವ ರೈಲು ಫೋರ್ಟ್ ವಿಲಿಯಂನಲ್ಲಿ ಹಿಂದುಮುಂದಾಗುತ್ತದೆ. ಅಲ್ಲಿಯವರೆಗೆ ಬಲಗಡೆ ಕೂತಿದ್ದವರು ಅಲ್ಲಿಂದ ಎಡಗಡೆಯವರಾಗುತ್ತಾರೆ.

ಊರಿನಲ್ಲಿ ಏಳೆಂಟು ನೂರು ಜನ, ಒಂದು ದಕ್ಕೆ, ನಾಲ್ಕಾರು ಅಂಗಡಿ, ಸ್ಟೇಷನ್ ಪಕ್ಕ ಒಂದು ಪುಟ್ಟ ಹೆರಿಟೇಜ್ ಸೆಂಟರ್. ಒಂದು ಕಾಲಕ್ಕೆ ಹೆರಿಂಗ್ ಮೀನಿನ ದೊಡ್ಡ ಬಂದರು, ಹೊಗೆಯಲ್ಲಿ ಒಣಗಿಸಿದ ಕಿಪ್ಪರ್‌ಗೆ ಈಗಲೂ ಹೆಸರು. ಆಚೆಗೆ ಹೋಗುವುದಾದರೆ ಸ್ಕೈ ದ್ವೀಪದ ಅರ್ಮಡೇಲ್‌ಗೆ ಫೆರಿ ಇದೆ. ಏಗ್, ರಮ್, ಮಕ್, ಕ್ಯಾನಾ ಎಂಬ ನಾಲ್ಕು ಪುಟ್ಟ ದ್ವೀಪಗಳಿಗೆ ಹಡಗಿದೆ. ಆದರೆ ವಾರದ ಒಂದೊಂದು ದಿನ ಒಂದೊಂದು ವೇಳಾಪಟ್ಟಿ. ಯಾವ ದಿನ ಎಲ್ಲಿ ಇಳಿದು ಎಷ್ಟು ಹೊತ್ತು ಇರಬಹುದು ಎಂದು ನೋಡದೆ ರೂಮ್ ಬುಕ್ ಮಾಡಬೇಡಿ. ನಾನು ಆರಿಸುವುದಾದರೆ ಏಗ್. ಸುಮಾರು ನೂರು ಜನರ ಆ ದ್ವೀಪವನ್ನು 1997ರಲ್ಲಿ ಅಲ್ಲಿಯವರೇ ಜಮೀನುದಾರನಿಂದ ಕೊಂಡುಕೊಂಡರು. 2008ರಲ್ಲಿ ಗಾಳಿ, ನೀರು, ಬಿಸಿಲಿನಿಂದ ತಮ್ಮದೇ ಕರೆಂಟು ಮಾಡಿಕೊಂಡರು. ಹೊರಗಿನಿಂದ ತಂತಿ ಬಂದಿಲ್ಲ.

ದೋಣಿ ನಿಂತ ದಿನ ಮ್ಯಾಲೇಗ್‌ನಲ್ಲಿ ಊರೊಳಗೆ ಮಾಡಲು ಹೆಚ್ಚೇನಿಲ್ಲ. ಬಿಸಿಲಿದ್ದರೆ ಒಂದು ಸ್ಟೇಷನ್ ಹಿಂದಕ್ಕೆ, ಮೋರಾರ್‌ಗೆ ಹೋಗಿ. ಬೆಳ್ಳಗಿನ ಮರಳು, ಅದರ ಬೆನ್ನಿಗೇ 310 ಮೀಟರ್ ಆಳದ ಲಾಕ್ ಮೋರಾರ್, ಬ್ರಿಟನ್ನಿನ ಅತಿ ಆಳದ ಸಿಹಿನೀರಿನ ಸರೋವರ. ಮಳೆಯಿದ್ದರೆ ಕಷ್ಟ. ಅದಕ್ಕೇ ನನ್ನ ಅಭಿಪ್ರಾಯ: ಮ್ಯಾಲೇಗ್ ಒಂದು ರಾತ್ರಿಯ ಊರು, ಅಥವಾ ಸ್ಕೈಗೆ ಹೋಗುವ ದಾರಿಯಲ್ಲಿ ನಿಲ್ಲುವ ಊರು. ರೈಲು ಪ್ರಯಾಣವನ್ನೇ ಪ್ರವಾಸ ಎಂದುಕೊಳ್ಳುವವರಿಗೆ ಇದಕ್ಕೆ ಸಾಟಿ ಬೇರೆ ಇಲ್ಲ.

ಉಲ್ಲಾಪೂಲ್

ಕಾರಿದ್ದವರ ಊರು. ರೈಲಿಲ್ಲ. ಇನ್ವರ್ನೆಸ್‌ನಿಂದ ಒಂದೂವರೆ ಗಂಟೆಯ ಬಸ್ಸು ಉಂಟು, ದಿನಕ್ಕೆ ಕೆಲವೇ ಸಲ, ಹೆಚ್ಚಾಗಿ ಫೆರಿಯ ಹೊತ್ತಿಗೆ ಹೊಂದಿಸಿಕೊಂಡು. ಬಸ್ಸಿನಲ್ಲಿ ಊರು ಮುಟ್ಟಬಹುದು, ಸುತ್ತಮುತ್ತ ನೋಡುವುದು ಕಷ್ಟ.

ಲಾಕ್ ಬ್ರೂಮ್ ಎಂಬ ಉದ್ದನೆಯ ಕಡಲತೋಳಿನ ದಡದಲ್ಲಿ 1788ರಲ್ಲಿ ಬ್ರಿಟಿಷ್ ಫಿಶರೀಸ್ ಸೊಸೈಟಿ ಹೆರಿಂಗ್ ಮೀನುಗಾರಿಕೆಗೆಂದೇ ಕಟ್ಟಿಸಿದ ಊರು. ಅದೇ ಸೊಸೈಟಿ ಅದೇ ವರ್ಷ ಟೋಬರ್‌ಮೋರಿಯನ್ನೂ ಶುರುಮಾಡಿತು. ಬೀದಿಗಳು ನೇರ, ಮನೆಗಳು ಬಿಳಿ. ಇಲ್ಲಿಂದ ಕಡಲೇರಿದ್ದು ಮೀನಿನ ದೋಣಿಗಳಷ್ಟೇ ಅಲ್ಲ. ಊರು ಹುಟ್ಟುವ ಮೊದಲೇ, 1773ರಲ್ಲಿ, ಹೆಕ್ಟರ್ ಎಂಬ ಹಡಗು ಲಾಕ್ ಬ್ರೂಮ್‌ನಿಂದ ಸುಮಾರು ಇನ್ನೂರು ಜನರನ್ನು ಕೆನಡಾದ ನೋವಾ ಸ್ಕೋಷಿಯಾಗೆ ಒಯ್ದಿತ್ತು.

ಸುತ್ತಮುತ್ತಲಿನ ಭೂಮಿಯೇ ಇಲ್ಲಿಯ ಆಸ್ತಿ. ದಕ್ಷಿಣಕ್ಕೆ ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಕಾರಿಶಾಲಕ್ ಕಮರಿ. ಜಲಪಾತ 46 ಮೀಟರ್. ಜೋಗ ನೋಡಿ ಬೆಳೆದವರಿಗೆ ಎತ್ತರ ದೊಡ್ಡದೆನಿಸದು. ಆದರೆ ಕಮರಿಯ ಮೇಲಿನ ತೂಗುಸೇತುವೆ ಕಾಲ ಕೆಳಗೆ ಮೆಲ್ಲಗೆ ಅಲುಗುವಾಗ, ಕೈ ಚಾಚಿದರೆ ಸಿಗುವಂತಿರುವ ಎರಡು ಗೋಡೆಗಳ ಪಾಚಿಯಿಂದ ನೀರು ತೊಟ್ಟಿಕ್ಕುವಾಗ ಮಾತು ನಿಲ್ಲುತ್ತದೆ. ಉತ್ತರಕ್ಕೆ ಹೋದರೆ ನಾಕನ್ ಕ್ರ್ಯಾಗ್. ಇಲ್ಲಿ ಹಳೆಯ ಬಂಡೆ ಹೊಸ ಬಂಡೆಯ ಮೇಲೇರಿ ಕೂತಿದೆ. ಕೆಳಗಿನದು ಸುಮಾರು ಐವತ್ತು ಕೋಟಿ ವರ್ಷದ್ದು, ಮೇಲಿನದು ಅದಕ್ಕಿಂತ ಎಷ್ಟೋ ಹಳತು. ಇದು ಹೇಗಾಯಿತು ಎಂದು ಹತ್ತೊಂಬತ್ತನೇ ಶತಮಾನದ ಭೂವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದರು. ಬೆನ್ ಪೀಚ್ ಮತ್ತು ಜಾನ್ ಹಾರ್ನ್ ಬೆಟ್ಟ ಬೆಟ್ಟ ಅಲೆದು, ಭೂಮಿಯ ಒತ್ತಡ ಹಳೆಯ ಪದರವನ್ನು ಹೊಸದರ ಮೇಲೆ ತಳ್ಳಿದೆ ಎಂದು ತೋರಿಸಿಕೊಟ್ಟರು. ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ. ಎರಡು ಕಲ್ಲಿನ ನಡುವಿನ ಗೆರೆಯ ಮೇಲೆ ಬೆರಳಿಟ್ಟು ನೋಡಬಹುದು.

ಕಡಲ ಆಚೆ ಲೂಯಿಸ್ ದ್ವೀಪದ ಸ್ಟೋರ್ನೊವೇ, ಫೆರಿಯಲ್ಲಿ ಎರಡೂವರೆ ಗಂಟೆಗೆ ಮೇಲೆ. ಕನ್ನಡಿಗರಿಗೆ ಅದು ಪರದೇಶವಲ್ಲ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತು, ಶಾಸನ, ಓಲೆಗರಿ ಸಂಗ್ರಹಿಸಿದ ಕಾಲಿನ್ ಮೆಕೆಂಝಿ ಹುಟ್ಟಿದ್ದು ಸ್ಟೋರ್ನೊವೇಯಲ್ಲಿ, 1754ರಲ್ಲಿ. ಅವರ ಜೊತೆ ಕೆಲಸ ಮಾಡಿದ ಪಂಡಿತರಲ್ಲಿ ಮಲೆಯೂರಿನ ಜೈನ ಧರ್ಮಯ್ಯ ಒಬ್ಬರು. ನಮ್ಮ ಹಳ್ಳಿಗಳ ಎಷ್ಟೋ ಸ್ಥಳಪುರಾಣ ಇಂದು ಓದಲು ಸಿಗುವುದು ಆ ಸಂಗ್ರಹದಿಂದ. ಆ ಹಡಗಿನ ಕಟಾಂಜನ ಹಿಡಿದು ನಿಂತಾಗ ನನಗೆ ನೆನಪಾದದ್ದು ಅದೇ. ಲೂಯಿಸ್‌ನಲ್ಲಿ ಸುಮಾರು ಐದು ಸಾವಿರ ವರ್ಷ ಹಳೆಯ ಕ್ಯಾಲನಿಶ್ ನಿಲುಗಲ್ಲುಗಳಿವೆ. ಹೋಗುವುದಾದರೆ ದ್ವೀಪದಲ್ಲೇ ಎರಡು ರಾತ್ರಿ ಇಟ್ಟುಕೊಳ್ಳಿ, ಅದರಲ್ಲಿ ಒಂದು ದಿನ ಭಾನುವಾರ ಆಗದಿರಲಿ. ಅಂದು ಬಹಳಷ್ಟು ಅಂಗಡಿ, ಹೋಟೆಲು ಮುಚ್ಚಿರುತ್ತವೆ.

ಫೆರಿ ನಿಂತರೂ ಉಲ್ಲಾಪೂಲ್‌ನಲ್ಲಿ ಕಾರಿದ್ದವರ ದಿನಕ್ಕೆ ಕೊರತೆಯಿಲ್ಲ. ಕಾರಿಲ್ಲದವರಿಗೆ ಒಂದು ಮ್ಯೂಸಿಯಂ, ಒಂದೆರಡು ಪುಸ್ತಕದಂಗಡಿ, ಕಾಫಿ, ಅಷ್ಟೇ. ನಾರ್ತ್ ಕೋಸ್ಟ್ 500 ಎಂಬ ಸುತ್ತುದಾರಿ ಈ ಊರಿನ ಮೂಲಕ ಹಾದುಹೋಗುವುದರಿಂದ ಜುಲೈ, ಆಗಸ್ಟ್‌ನಲ್ಲಿ ರೂಮು ಸಿಗುವುದೂ ಕಷ್ಟ, ಬಾಡಿಗೆಯೂ ಜಾಸ್ತಿ.

ಆನ್‌ಸ್ಟ್ರದರ್

ಮೇಲಿನ ಮೂರೂ ಪಶ್ಚಿಮದವು, ಬೆಟ್ಟದ ನೆರಳಿನವು. ಇದು ಪೂರ್ವ ತೀರದ್ದು, ಫೈಫ್ ಎಂಬ ಪ್ರದೇಶದ ಮೂಲೆಯಲ್ಲಿದೆ. ಹೊಲ, ಹೆಂಚಿನ ಮಾಡು, ಒಂದರ ಪಕ್ಕ ಒಂದು ಪುಟ್ಟ ಬಂದರುಗಳು. ಎಡಿನ್‌ಬರಾದಿಂದ ಕಾರಿನಲ್ಲಿ ಒಂದೂವರೆ ಗಂಟೆ. ಆನ್‌ಸ್ಟ್ರದರ್‌ನ ರೈಲು 1965ರಲ್ಲೇ ನಿಂತುಹೋಯಿತು. ಆದರೆ ಹತ್ತಿರದ ಲೆವೆನ್‌ಗೆ 55 ವರ್ಷಗಳ ನಂತರ 2024ರ ಜೂನ್‌ನಲ್ಲಿ ಮತ್ತೆ ರೈಲು ಬಂದಿದೆ. ಅಲ್ಲಿ ಇಳಿದು ಬಸ್ಸು ಹಿಡಿದರಾಯಿತು.

ಜನ ಇಲ್ಲಿಗೆ ಬರುವುದು ಮೇ ದ್ವೀಪದ ಪಫಿನ್ ಹಕ್ಕಿಗಾಗಿ. ಹತ್ತಾರು ಸಾವಿರ ಜೋಡಿ ಹಕ್ಕಿಗಳು ಏಪ್ರಿಲ್‌ನಲ್ಲಿ ಬಂದು ಬಿಲದಲ್ಲಿ ಮೊಟ್ಟೆಯಿಟ್ಟು ಆಗಸ್ಟ್ ಮೊದಲ ವಾರದ ಹೊತ್ತಿಗೆ ಕಡಲಿಗೆ ಹೊರಟುಬಿಡುತ್ತವೆ. ಆಗಸ್ಟ್ ನಡುವೆ ಬಂದವರಿಗೆ ಖಾಲಿ ಬಿಲ ಮಾತ್ರ. ಮೇ ಮತ್ತು ಜೂನ್ ಒಳ್ಳೆಯ ಕಾಲ. ಮೀನು ಕಚ್ಚಿಕೊಂಡು ಬರುವುದು ನೋಡಬೇಕೆಂದರೆ ಜೂನ್ ಕೊನೆ, ಜುಲೈ. ಟೋಪಿ ಮರೆಯಬೇಡಿ. ದ್ವೀಪದಲ್ಲಿ ಗೂಡು ಮಾಡಿರುವ ಆರ್ಕ್ಟಿಕ್ ಟರ್ನ್ ಎಂಬ ಹಕ್ಕಿ ಮರಿಯ ಹತ್ತಿರ ಹೋದವರ ತಲೆಗೇ ಕುಕ್ಕುತ್ತದೆ. ದೋಣಿ ಇಳಿದ ಮೇಲೆ ಏರು ದಾರಿ ಇದೆ, ತೀರಾ ಮಂಡಿ ನೋವಿನವರಿಗೆ ಕಷ್ಟ.

ಅಪ್ಪಯ್ಯನನ್ನು ನಾವು ಕರೆದುಕೊಂಡು ಹೋದ ಜೂನ್ ದಿನ ಪೂರ್ವದ ಗಾಳಿ ಎದ್ದಿತ್ತು. ಬೆಳಿಗ್ಗೆಯೇ ಹಡಗುಕಟ್ಟೆಯ ಹೊರಗೆ ಬಿಳಿ ನೊರೆ. ದೋಣಿ ಹೊರಡಲಿಲ್ಲ. ಮಕ್ಕಳ ಮುಖ ಸಣ್ಣದಾಯಿತು. ಅಲ್ಲಿಂದ ತೀರದ ಕಾಲುದಾರಿಯಲ್ಲಿ ಎರಡೂವರೆ ಕಿಲೋಮೀಟರ್ ನಡೆದು ಪಿಟನ್‌ವೀಮ್‌ಗೆ ಹೋದೆವು. ಅದು ಇಂದಿಗೂ ಮೀನುಗಾರಿಕೆ ನಡೆಯುವ ಬಂದರು. ದಕ್ಕೆಯ ಮೇಲೆ ಏಡಿ ಹಿಡಿಯುವ ಬೋನುಗಳು ಎದೆಯೆತ್ತರ ಪೇರಿಸಿದ್ದವು. ಒಬ್ಬ ಮುದುಕ ಕವುಚಿ ಹಾಕಿದ ಬುಟ್ಟಿಯ ಮೇಲೆ ಕೂತು ಹರಿದ ಜಾಳಿಗೆಗೆ ನೀಲಿ ದಾರ ಪೋಣಿಸುತ್ತಿದ್ದ. ಅಪ್ಪಯ್ಯ ಗಂಗೊಳ್ಳಿಯವರು. ಅವನ ಎದುರು ಕುಕ್ಕರಗಾಲಿನಲ್ಲಿ ಕೂತು ಗಂಟು ಹಾಕುವ ಕೈಯನ್ನೇ ಕಾಲು ಗಂಟೆ ನೋಡಿದರು. ಒಂದು ಮಾತೂ ಇಬ್ಬರ ನಡುವೆ ಹೊಂದುವಂತಿರಲಿಲ್ಲ. ಕೊನೆಗೆ ಆ ಮುದುಕ ದಾರ ಸುತ್ತಿದ ಮರದ ಸೂಜಿಯನ್ನು ಅಪ್ಪಯ್ಯನ ಕೈಗೆ ಕೊಟ್ಟ. ಅಪ್ಪಯ್ಯ ಎರಡು ಗಂಟು ಹಾಕಿ ವಾಪಸು ಕೊಟ್ಟರು. "ಇದ್ ನಮ್ ಗಂಗೊಳ್ಳಿ ಬಂದರ್ ಕಂಡಂಗೇ ಇತ್ತಲ್ದಾ ಮಗಾ" ಎಂದರು ನನಗೆ. ಆ ಪ್ರವಾಸದಲ್ಲಿ ಅವರು ಇಂದಿಗೂ ನೆನೆಸಿಕೊಳ್ಳುವುದು ಅದೊಂದನ್ನೇ. ದೋಣಿ ಹೊರಡದ ದಿನದ ಬಗ್ಗೆ ನಾನು ಇಷ್ಟು ಹೇಳುವುದು ಅದಕ್ಕೇ.

ಇನ್ನೂ ಮುಂದೆ ನಡೆದರೆ ಸೇಂಟ್ ಮೋನನ್ಸ್. ಕಡಲಂಚಿನಲ್ಲಿ ಒಂದು ಗಾಳಿಯಂತ್ರ, ಅದರ ಕೆಳಗೆ ಹದಿನೆಂಟನೇ ಶತಮಾನದ ಉಪ್ಪಿನ ಮನೆಗಳ ಅವಶೇಷ. ಸಾಣಿಕಟ್ಟೆಯಲ್ಲಿ ನಮಗೆ ಬಿಸಿಲೇ ಉಪ್ಪು ಮಾಡಿಕೊಡುತ್ತದೆ. ಆ ಬಿಸಿಲಿಲ್ಲದ ಈ ಜನ ಕಡಲನೀರನ್ನು ಗಾಳಿಯಿಂದ ಮೇಲೆತ್ತಿ, ಕಲ್ಲಿದ್ದಲು ಉರಿಸಿ ಕುದಿಸಿ ಉಪ್ಪು ತೆಗೆದರು.

ಆನ್‌ಸ್ಟ್ರದರ್‌ನಲ್ಲೇ 1969ರಿಂದ ಇರುವ ಸ್ಕಾಟಿಷ್ ಫಿಶರೀಸ್ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆಯಬಹುದು. ಹೆರಿಂಗ್ ಹಂಗಾಮಿನಲ್ಲಿ ಬಂದರಿನಿಂದ ಬಂದರಿಗೆ ಹೋಗಿ ಮೀನು ಸೀಳಿ ಉಪ್ಪು ಹಾಕುತ್ತಿದ್ದ ಹೆಂಗಸರ ಬದುಕೂ ಅಲ್ಲಿದೆ. ಬೆರಳಿಗೆ ಕತ್ತಿ ತಾಗದಿರಲೆಂದು ಅವರು ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಹತ್ತು ಮೈಲಿ ದೂರದಲ್ಲಿ ಗಾಲ್ಫ್‌ಗೂ ಹಳೆಯ ವಿಶ್ವವಿದ್ಯಾಲಯಕ್ಕೂ ಹೆಸರಾದ ಸೇಂಟ್ ಆಂಡ್ರೂಸ್ ಪಟ್ಟಣ ಇದೆ. ಹೀಗಾಗಿ ಮಳೆ ಬಂದರೂ ಗಾಳಿ ಬಂದರೂ ಇಲ್ಲಿ ದಿನ ತುಂಬುತ್ತದೆ. ಇಲ್ಲಿಲ್ಲದ್ದು ಒಂದೇ, ಎತ್ತರದ ಬೆಟ್ಟ. ಸ್ಕಾಟ್ಲೆಂಡ್ ಎಂದರೆ ಮಂಜು ಮುಸುಕಿದ ಪರ್ವತ ಎಂದುಕೊಂಡು ಬಂದವರಿಗೆ ಇದು ಸಪ್ಪೆಯೆನಿಸೀತು.

ಒಂದೇ ದಿನ ಇದ್ದರೆ

ಸ್ಟೋನ್‌ಹೇವನ್‌ಗೆ ಹೋಗಿ. ಎಡಿನ್‌ಬರಾದಿಂದ ಆಬರ್ಡೀನ್ ಕಡೆಯ ನೇರ ರೈಲು, ಎರಡು ಗಂಟೆಯ ಮೇಲೆ ಸ್ವಲ್ಪ. ಬಂದರಿನಿಂದ ಬಂಡೆಯ ಅಂಚಿನಲ್ಲಿ ನಡೆದರೆ ಡನಾಟರ್ ಕೋಟೆ. ಎಡಿನ್‌ಬರಾ ಕೋಟೆಯಲ್ಲಿ ನೀವು ನೋಡಿದ ಕಿರೀಟ, ರಾಜದಂಡ, ಖಡ್ಗವನ್ನು 1651-52ರಲ್ಲಿ ಇಂಗ್ಲೆಂಡಿನ ಕ್ರಾಮ್ವೆಲ್‌ನ ಸೈನ್ಯದಿಂದ ಬಚ್ಚಿಟ್ಟದ್ದು ಇಲ್ಲಿ. ಆ ಕಥೆಯ ಎರಡು ತುದಿಯನ್ನೂ ಮಕ್ಕಳಿಗೆ ತೋರಿಸಿದಂತಾಗುತ್ತದೆ. ಕೋಟೆಯೊಳಕ್ಕೆ ಮೆಟ್ಟಿಲು ಇಳಿದು ಹತ್ತಬೇಕು. ಹಿರಿಯರು ಎದುರಿನ ದಿಣ್ಣೆಯ ಮೇಲೆ ನಿಂತು ನೋಡಿದರೂ ನಷ್ಟವಿಲ್ಲ.

ಊಟ ಮತ್ತು ಹಣ

ಮೀನು ತಿನ್ನುವವರಿಗೆ ಎಲ್ಲ ಊರೂ ಹಬ್ಬ. ಓಬನ್ನಿನ ದಕ್ಕೆಯ ಹಸಿರು ಗೂಡಂಗಡಿಯಲ್ಲಿ ಏಡಿ, ಸಿಗಡಿ ನಿಂತುಕೊಂಡೇ ತಿನ್ನಬಹುದು. ಸಸ್ಯಾಹಾರಿಗಳು ಮೂರು ವಿಷಯ ನೆನಪಿಡಿ. ಕೆಲವು ಅಂಗಡಿಗಳಲ್ಲಿ ಆಲೂ ಚಿಪ್ಸನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಎಣ್ಣೆ ಯಾವುದೆಂದು ಕೇಳಿಯೇ ಕೊಳ್ಳಿ. ಬೇಳೆ ಸೂಪನ್ನು ಹಂದಿ ಮೂಳೆಯ ರಸದಲ್ಲಿ ಕುದಿಸಿರುವುದುಂಟು. ಸಂಜೆ ಎಂಟಾಯಿತೆಂದರೆ ಹೋಟೆಲಿನ ಅಡುಗೆಮನೆ ಮುಚ್ಚತೊಡಗುತ್ತದೆ. ನಮ್ಮ ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವರು ಬಂದಾಗ ನಾವು ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ಹಿಡಿಯುತ್ತೇವೆ. ಪುಟ್ಟ ಕುಕ್ಕರ್, ಸಾರಿನ ಪುಡಿ, ಅಕ್ಕಿ ಜೊತೆಗಿದ್ದರೆ ಮಳೆಯ ಸಂಜೆ ಯಾರಿಗೂ ಭಾರವಾಗುವುದಿಲ್ಲ. ನಾಲ್ಕೈದು ಜನರಿದ್ದರೆ ಬಿ ಅಂಡ್ ಬಿಯಲ್ಲಿ, ಅಂದರೆ ಬೆಳಗಿನ ತಿಂಡಿ ಸೇರಿಸಿ ಬಾಡಿಗೆಗೆ ಕೊಡುವ ಮನೆಯಲ್ಲಿ, ಎರಡು ರೂಮು ಹಿಡಿಯುವುದಕ್ಕಿಂತ ಇದು ಅಗ್ಗವೂ ಹೌದು. ಓಬನ್, ಉಲ್ಲಾಪೂಲ್ ಎರಡರಲ್ಲೂ ಅಡುಗೆಮನೆ ಇರುವ ಯೂತ್ ಹಾಸ್ಟೆಲ್ ಇದೆ. ಹೆಸರು ಯೂತ್ ಆದರೂ ಯಾವ ವಯಸ್ಸಿನವರೂ ತಂಗಬಹುದು.

ರೈಲಿನಲ್ಲಿ ಹಣ ಉಳಿಸುವ ದಾರಿಯುಂಟು. 60 ದಾಟಿದವರು ಸೀನಿಯರ್ ರೈಲ್‌ಕಾರ್ಡ್ ಕೊಂಡರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಕಡಿತ. ಭಾರತದಿಂದ ಬಂದವರಿಗೂ ಸಿಗುತ್ತದೆ, ಪಾಸ್‌ಪೋರ್ಟ್ ಸಾಕು. ಐದರಿಂದ ಹದಿನೈದು ವಯಸ್ಸಿನ ಮಗು ಜೊತೆಗಿದ್ದರೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ಕಾರ್ಡ್ ಇನ್ನೂ ಲಾಭ. ಒಂದೇ ಕಾರ್ಡಿನಲ್ಲಿ ನಾಲ್ವರು ದೊಡ್ಡವರು, ನಾಲ್ವರು ಮಕ್ಕಳು. ಸ್ಕಾಟ್ಲೆಂಡಿನಲ್ಲೇ ವಾಸವಿರುವ 22ರೊಳಗಿನವರಿಗೆ ಬಸ್ಸು ಉಚಿತ, ಮೊದಲೇ ಕಾರ್ಡು ಮಾಡಿಸಿರಬೇಕು. ಫೆರಿಯಲ್ಲಿ ಖರ್ಚು ಏರುವುದು ಕಾರಿನಿಂದ. ಮಲ್‌ಗೆ ಒಂದು ದಿನಕ್ಕೆ ಹೋಗುವವರು ಕಾರನ್ನು ಓಬನ್ನಿನಲ್ಲೇ ಬಿಟ್ಟು ಬಸ್ಸು ಹಿಡಿಯುವುದು ಜಾಣತನ. ಬೇಸಿಗೆಯಲ್ಲಿ ಕಾರಿನ ಜಾಗ ಬೇಗ ಮುಗಿಯುತ್ತದೆ, ನಡೆದು ಹತ್ತುವವರಿಗೆ ಸಾಮಾನ್ಯವಾಗಿ ಜಾಗ ಸಿಗುತ್ತದೆ.

ಹಾಗಾದರೆ ನಿಮಗೆ ಯಾವುದು

ಕಾರಿಲ್ಲದೆ ಮೂರು ರಾತ್ರಿ, ಜೊತೆಗೆ ಅರವತ್ತೈದು ದಾಟಿದವರು ಇದ್ದರೆ ಓಬನ್. ಜನಸಂದಣಿಯನ್ನು ಸಹಿಸಿಕೊಳ್ಳಿ. ಒಂದು ದಿನ ಟೋಬರ್‌ಮೋರಿ, ಒಂದು ದಿನ ಊರು, ಒಂದು ದಿನವನ್ನು ಯಾವುದಕ್ಕೂ ಗೊತ್ತುಮಾಡದೆ ಬಿಡಿ. ಅಯೋನಾಕ್ಕೆ ಹೋಗುವುದಾದರೆ ಆ ಬಿಟ್ಟ ದಿನದಲ್ಲಿ, ಹವೆ ನೋಡಿಕೊಂಡು.

ಎಡಿನ್‌ಬರಾದಲ್ಲಿ ಉಳಿದುಕೊಂಡು ಒಂದೆರಡು ರಾತ್ರಿ ಮಾತ್ರ ತಪ್ಪಿಸಿಕೊಂಡು ಹೋಗುವವರಿಗೆ, ಚಿಕ್ಕ ಮಕ್ಕಳಿರುವವರಿಗೆ, ಕರಾವಳಿಯಲ್ಲಿ ಹುಟ್ಟಿ ಬೆಳೆದ ಹಿರಿಯರಿಗೆ ಆನ್‌ಸ್ಟ್ರದರ್. ಕೈ ಬಿಗಿಯಿದ್ದವರಿಗೂ ಇದೇ, ಏಕೆಂದರೆ ಇಲ್ಲಿ ಚೆನ್ನಾಗಿರುವುದರಲ್ಲಿ ಹೆಚ್ಚಿನದು ನಡೆದು ನೋಡುವಂಥದ್ದು.

ಡ್ರೈವ್ ಮಾಡಲು ಅಂಜದ ಗಂಡಹೆಂಡತಿ ಅಥವಾ ಗೆಳೆಯರಿಗೆ, ನಾಲ್ಕೈದು ದಿನ ಇದ್ದರೆ, ಉಲ್ಲಾಪೂಲ್. ಇನ್ನೂ ಎರಡು ದಿನ ಸೇರಿಸಿ ಲೂಯಿಸ್‌ಗೆ ದಾಟಿದರೆ ನನಗೆ ಸಂತೋಷ. ರೈಲಿನ ಹುಚ್ಚಿನವರಿಗೆ ಮ್ಯಾಲೇಗ್, ಆದರೆ ಮಳೆ ಬಂದರೆ ಬೇಸರಪಡುವ ಅಮ್ಮನನ್ನು ಅಲ್ಲಿ ಎರಡು ದಿನ ಕೂರಿಸಬೇಡಿ.

ಊರು ಗೊತ್ತಾದ ಮೇಲೆ ಬುಕ್ ಮಾಡುವ ಕ್ರಮವೂ ಮುಖ್ಯ. ಮೊದಲು ಮನೆ, ಜುಲೈ ಆಗಸ್ಟ್‌ಗಾದರೆ ಫೆಬ್ರುವರಿಯಲ್ಲೇ. ಆಮೇಲೆ ಕಾರಿನ ಫೆರಿ. ಪಫಿನ್ ದೋಣಿಯಾಗಲಿ ಸ್ಟಾಫಾ ದೋಣಿಯಾಗಲಿ ನೀವು ಅಲ್ಲಿರುವ ಮೊದಲ ದಿನಕ್ಕೇ ಮಾಡಿ. ಅಂದು ಗಾಳಿಯೆದ್ದರೆ ಮಾರನೆಯ ದಿನಕ್ಕೆ ಬದಲಾಯಿಸಲು ಕೇಳಬಹುದು. ಹೊರಡುವ ಹಿಂದಿನ ಸಂಜೆ ಫೋನ್ ಮಾಡಿ ವಿಚಾರಿಸಿ, ಮತ್ತೆ ಬೆಳಿಗ್ಗೆ ಒಮ್ಮೆ. ಬೆಚ್ಚಗಿನ ಸ್ವೆಟರು ಜೂನಿನಲ್ಲೂ ಚೀಲದೊಳಗೆ ಮೇಲುಗಡೆಯೇ ಇರಲಿ.